ಎಲುಬು ಪೊಳ್ಳಾದವರಿಗೆ ಮೂರು ಇಂಜೆಕ್ಷನ್: ದಿನದ್ದೋ, ಆರು ತಿಂಗಳದ್ದೋ, ವರ್ಷದ್ದೋ?

ಕಲಬುರಗಿಯಲ್ಲಿ ಔಷಧಿ ಅಂಗಡಿಯ ಕೌಂಟರ್ ಹಿಂದೆ ನಿಂತು ನನಗೆ ಬಹಳ ವರ್ಷವಾಯಿತು. ಈಚೆಗೆ ಒಂದು ಪ್ರಶ್ನೆ ಜಾಸ್ತಿ ಬರುತ್ತಿದೆ. "ಡಾಕ್ಟರ್ ಮೂರು ಹೆಸರು ಹೇಳ್ಯಾರ್ರಿ. ಒಂದು ದಿನಾ ಚುಚ್ಕೊಳ್ಳೋದು, ಒಂದು ಆರು ತಿಂಗಳಿಗೊಮ್ಮೆ, ಇನ್ನೊಂದು ವರ್ಷಕ್ಕೊಮ್ಮೆ ಬಾಟ್ಲಿ ಹಚ್ಚೋದು. ಯಾವುದು ಛಲೋ, ನೀವೇ ಹೇಳ್ರಿ." ಕೇಳುವವರು ಹೆಚ್ಚಾಗಿ ಮಗ, ಇಲ್ಲವೇ ಸೊಸೆ. ಇಂಜೆಕ್ಷನ್ ಬೇಕಾದ ಅವ್ವ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಹೊರಗೆ ಆಟೋದಲ್ಲಿ ಕೂತಿರುತ್ತಾಳೆ.

ಯಾವುದನ್ನು ಕೊಡಬೇಕು ಎಂದು ಹೇಳುವುದು ಡಾಕ್ಟರ ಕೆಲಸ, ನನ್ನದಲ್ಲ. ಆದರೆ ನಿಮ್ಮ ಮನೆಯಲ್ಲಿ ಫ್ರಿಜ್ ಇದೆಯೋ ಇಲ್ಲವೋ, ಕರೆಂಟ್ ಎಷ್ಟು ತಾಸು ಇರುತ್ತದೆ, ದೀಪಾವಳಿ ಆದ ಮೇಲೆ ಮನೆಯವರೆಲ್ಲ ದುಡಿಯಲು ಪುಣೆಗೆ ಹೋಗುತ್ತೀರೋ, ಇದೆಲ್ಲ ಡಾಕ್ಟರಿಗೆ ಗೊತ್ತಿರುವುದಿಲ್ಲ. ನೀವೇ ಹೇಳಬೇಕು. ಈ ಮೂರರಲ್ಲಿ ಒಂದನ್ನು ಆರಿಸಲು ಅರ್ಧ ಕಾರಣ ಎಲುಬಿನಲ್ಲಿರುತ್ತದೆ. ಉಳಿದರ್ಧ ಮನೆಯಲ್ಲಿರುತ್ತದೆ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ನಮ್ಮ ಕಡೆ "ಎಲುಬಿನ ಇಂಜೆಕ್ಷನ್" ಎಂದರೆ ಮೂರು ನಾಲ್ಕು ಬೇರೆ ಬೇರೆ ವಸ್ತು. ಪೃಷ್ಠಕ್ಕೆ ಹಾಕುವ ವಿಟಮಿನ್ ಡಿ ಇಂಜೆಕ್ಷನ್ ಒಂದು. ಮೊಣಕಾಲಿನ ಕೀಲಿಗೆ ಹಾಕುವುದು ಇನ್ನೊಂದು, ಅದು ಕೀಲು ಸವೆತಕ್ಕೆ. ನಾವು ಮಾತಾಡುತ್ತಿರುವುದು ಇವೆರಡೂ ಅಲ್ಲ. ಆಸ್ಟಿಯೋಪೊರೋಸಿಸ್ ಅಂದರೆ ಎಲುಬು ಒಳಗಿನಿಂದ ಪೊಳ್ಳಾಗುವುದು. ಅದರಲ್ಲಿ ನೋವೇ ಇರದಿರಬಹುದು. ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದಾಗ, ಕೊಡ ಎತ್ತಿದಾಗ ಬೆನ್ನಲ್ಲಿ ಲಟಕ್ ಎಂದಾಗ, ಇಲ್ಲವೇ ಎತ್ತರ ಕಡಿಮೆಯಾಗಿ ಬೆನ್ನು ಬಾಗಿದಾಗ ಗೊತ್ತಾಗುತ್ತದೆ.

ಇಂಜೆಕ್ಷನ್ ಎಲ್ಲರಿಗೂ ಬೇಕಾಗಿಲ್ಲ. ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ ಎಂಬ ಅಂಕಿ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್ ಎನ್ನುತ್ತಾರೆ. ಕ್ಯಾಂಪುಗಳಲ್ಲಿ ಹಿಮ್ಮಡಿ ಇಡಿಸಿ ಚೀಟಿ ಕೊಡುತ್ತಾರಲ್ಲ, ಅದು ಡೆಕ್ಸಾ ಅಲ್ಲ. ಸಂಶಯ ಹುಟ್ಟಿಸಲು ಅದು ಸಾಕು, ಮದ್ದು ಶುರು ಮಾಡಲು ಸಾಲದು. ಯಾದಗಿರಿ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರಿನವರಾದರೆ ಅದನ್ನೂ ಡಾಕ್ಟರಿಗೆ ಹೇಳಿ. ಫ್ಲೋರೈಡ್ ಹೊಕ್ಕ ಎಲುಬು ಸ್ಕ್ಯಾನಿನಲ್ಲಿ ಗಟ್ಟಿಯಾಗಿ ಕಾಣಬಹುದು, ಆದರೂ ಮುರಿಯುತ್ತದೆ. ಇನ್ನು, ವಾರಕ್ಕೊಂದು ಅಲೆಂಡ್ರೊನೇಟ್ ಗುಳಿಗೆ ಬಹಳ ಜನರಿಗೆ ಸಾಕಾಗುತ್ತದೆ, ಅಗ್ಗವೂ ಹೌದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತುಂಬು ಲೋಟ ನೀರಿನ ಜೊತೆ ನುಂಗಿ ಅರ್ಧ ತಾಸು ಮಲಗದೆ ಇರಬೇಕು, ಚಹಾ ಕೂಡ ಕುಡಿಯಬಾರದು. ಅದು ಹೊಟ್ಟೆಗೆ ಒಗ್ಗದಿದ್ದರೆ, ಗುಳಿಗೆ ನೆನಪಿಡಲು ಆಗದಿದ್ದರೆ, ಇಲ್ಲವೇ ಎಲುಬು ಆಗಲೇ ಮುರಿದಿದ್ದರೆ ಇಂಜೆಕ್ಷನ್ ಮಾತು ಬರುತ್ತದೆ.

ಆರಿಸುವ ಮುನ್ನ ಕೇಳಿಕೊಳ್ಳಬೇಕಾದ್ದು

ಎಲುಬು ಎಷ್ಟು ಕೆಟ್ಟಿದೆ? ಸ್ಕೋರ್ ಮಾತ್ರ ಕಡಿಮೆಯೋ, ಬೆನ್ನೆಲುಬಿನ ಮಣಿ ಆಗಲೇ ಕುಸಿದಿದೆಯೋ? ಕಿಡ್ನಿ ಹೇಗಿದೆ? ಶುಗರ್, ಬಿಪಿ ಇದ್ದವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ ಎಷ್ಟಿವೆ? ಹಲ್ಲು ಕೀಳಿಸುವುದು ಬಾಕಿ ಇದೆಯೇ? ಹಿಂದೆ ಕ್ಯಾನ್ಸರ್ ಆಗಿ ಕರೆಂಟ್, ಅಂದರೆ ರೇಡಿಯೇಶನ್, ಕೊಡಿಸಿದ್ದುಂಟೇ? ಒಂದು ವರ್ಷಕ್ಕೆ ಒಟ್ಟು ಖರ್ಚೆಷ್ಟು?

ಇವೆಲ್ಲ ಸರಿ. ಆದರೆ ಯಾರೂ ಕೇಳದ ಪ್ರಶ್ನೆ ಒಂದಿದೆ. ನನ್ನ ಲೆಕ್ಕದಲ್ಲಿ ಅದೇ ದೊಡ್ಡದು: ಮುಂದಿನ ಡೋಸ್ ತಡವಾದರೆ ಏನಾಗುತ್ತದೆ, ಪೂರ್ತಿ ನಿಲ್ಲಿಸಿದರೆ ಏನಾಗುತ್ತದೆ? ಮೂರು ಮದ್ದಿಗೂ ಉತ್ತರ ಪೂರಾ ಬೇರೆ.

ದಿನದ ಪೆನ್: ಟೆರಿಪ್ಯಾರಟೈಡ್

ನಮ್ಮ ಎಲುಬನ್ನು ದೇಹ ದಿನಾ ಸ್ವಲ್ಪ ಕೆಡವುತ್ತದೆ, ಸ್ವಲ್ಪ ಕಟ್ಟುತ್ತದೆ. ವಯಸ್ಸಾದಂತೆ ಕೆಡವುವುದು ಮುಂದಾಗುತ್ತದೆ. ಉಳಿದೆರಡು ಮದ್ದು ಕೆಡವುವವರ ಕೈ ಕಟ್ಟಿಹಾಕುತ್ತವೆ. ಟೆರಿಪ್ಯಾರಟೈಡ್ ಮಾತ್ರ ಗೌಂಡಿ ಇದ್ದಂತೆ, ಹೊಸದಾಗಿ ಕಟ್ಟುತ್ತದೆ. ಆದ್ದರಿಂದಲೇ ಬೆನ್ನಿನ ಮಣಿ ಕುಸಿದವರಿಗೆ, ಸ್ಕೋರ್ ತೀರಾ ಇಳಿದವರಿಗೆ ಇದನ್ನು ಮೊದಲು ಬರೆಯುತ್ತಾರೆ. 2018 ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ ಮುಟ್ಟು ನಿಂತ, ಬೆನ್ನು ಆಗಲೇ ಮುರಿದಿದ್ದ ಹೆಂಗಸರನ್ನು ಎರಡು ವರ್ಷ ನೋಡಿದರು. ರಿಸೆಡ್ರೊನೇಟ್ ಎಂಬ ವಾರದ ಗುಳಿಗೆ ತೆಗೆದುಕೊಂಡವರಲ್ಲಿ ನೂರಕ್ಕೆ 12 ಜನರ ಬೆನ್ನು ಮತ್ತೆ ಮುರಿಯಿತು, ಟೆರಿಪ್ಯಾರಟೈಡ್ ತೆಗೆದುಕೊಂಡವರಲ್ಲಿ 5.4 ಜನರದ್ದು.

ಬೆಲೆ ಕಟ್ಟಬೇಕಾದ್ದು ಬೇರೆ ರೀತಿಯಲ್ಲಿ. ದಿನಕ್ಕೆ 20 ಮೈಕ್ರೊಗ್ರಾಂ, ಪೆನ್ನಿನಂಥ ಇಂಜೆಕ್ಷನ್‌ನಿಂದ ತೊಡೆಗೆ ಅಥವಾ ಹೊಟ್ಟೆಯ ಚರ್ಮದಡಿ. ಎರಡು ವರ್ಷಕ್ಕೆ 730 ಸಲ ಚುಚ್ಚಬೇಕು. ಸಾಮಾನ್ಯವಾಗಿ ಎರಡು ವರ್ಷಕ್ಕಿಂತ ಜಾಸ್ತಿ ಕೊಡುವುದಿಲ್ಲ. ಮೂರರಲ್ಲಿ ವರ್ಷದ ಖರ್ಚು ಹೆಚ್ಚು ಇದಕ್ಕೇ, ಏಕೆಂದರೆ ಒಂದು ಪೆನ್ 28 ದಿನಕ್ಕೆ ಮುಗಿಯುತ್ತದೆ ಅಂದರೆ ವರ್ಷಕ್ಕೆ 13 ಪೆನ್ ಬೇಕು, ಸೂಜಿ ಬೇರೆ. ಕೆಲವು ಕಂಪನಿಯ ಪೆನ್ನಿನ ಲೆಕ್ಕ ಸ್ವಲ್ಪ ಬೇರೆ ಇರುತ್ತದೆ, ಪೆಟ್ಟಿಗೆ ಓದಿ.

ಈಗ ಫ್ರಿಜ್ ಕಥೆ. ಈ ಪೆನ್ ಶುರುವಿನಿಂದ ಕೊನೆಯವರೆಗೆ 2 ರಿಂದ 8 ಡಿಗ್ರಿಯಲ್ಲಿರಬೇಕು. ನಮ್ಮದು ಮೇ ತಿಂಗಳಲ್ಲಿ 42, 43 ಡಿಗ್ರಿ ಮುಟ್ಟುವ ಊರು. ನನ್ನ ಅವ್ವನಿಗೂ ಇದೇ ಪೆನ್ ನಡೆದಿತ್ತು. ಅವಳು ಇರುವುದು ಆಳಂದ ಕಡೆಯ ಹಳ್ಳಿಯಲ್ಲಿ. ಐಸ್ ಪ್ಯಾಕ್ ಇಟ್ಟು, ನಡುವೆ ಬಟ್ಟೆ ಸುತ್ತಿ, ಡಬ್ಬಿಯಲ್ಲಿ ಹಾಕಿ ನಾನೇ ಬಸ್ಸಿನಲ್ಲಿ ಒಯ್ದು ಕೊಟ್ಟೆ. "ಅವ್ವಾ, ಥಂಡಿ ಜಾಗದಾಗ ಇಡು" ಎಂದು ಹೇಳಿ ಬಂದೆ. ಮರುವಾರ ಹೋಗಿ ನೋಡಿದರೆ ಪೆನ್ ಮೇಲಿನ ಫ್ರೀಜರಿನಲ್ಲಿ, ಬರ್ಫದ ಟ್ರೇ ಪಕ್ಕದಲ್ಲಿ! "ಯಪ್ಪಾ, ಥಂಡಿ ಅಂದ್ರ ಅಲ್ಲೇ ಭಾಳ ಥಂಡಿ ಇರ್ತದಲ್ಲ" ಎಂದಳು. ತಪ್ಪು ಅವಳದ್ದಲ್ಲ. ಜನರಿಗೆ ದಿನಾ ಹೇಳುವ ಮಾತನ್ನು ಮನೆಯಲ್ಲಿ ಅರ್ಧ ಹೇಳಿ ಬಂದದ್ದು ನಾನು. ಒಮ್ಮೆ ಹೆಪ್ಪುಗಟ್ಟಿದ ಪೆನ್ ಕರಗಿದ ಮೇಲೂ ಕೆಲಸಕ್ಕೆ ಬರುವುದಿಲ್ಲ. ಇಡೀ ಪೆನ್ ಬಿಸಾಡಬೇಕಾಯಿತು.

ಹಾಗಾಗಿ ಪೂರ್ತಿ ಹೇಳುತ್ತೇನೆ. ಫ್ರೀಜರ್ ಬೇಡ, ಹಿಂದಿನ ಗೋಡೆಗೆ ತಾಗಿಸಿಯೂ ಬೇಡ, ಅಲ್ಲೂ ಹೆಪ್ಪುಗಟ್ಟುತ್ತದೆ. ನಡುವಿನ ಹಲಗೆ ಒಳ್ಳೆಯದು. ಶುರು ಮಾಡಿದ ತಾರೀಖನ್ನು ಪೆನ್ನಿನ ಮೇಲೆ ಬರೆಯಿರಿ. 28 ದಿನ ದಾಟಿದರೆ ಮದ್ದು ಉಳಿದಿದ್ದರೂ ಬಿಡಿ. ಮದ್ದು ನೀರಿನಂತೆ ತಿಳಿಯಾಗಿರಬೇಕು. ಪ್ರತಿ ಸಲ ಹೊಸ ಸೂಜಿ. ಚುಚ್ಚಿದ ಮೇಲೆ ಸೂಜಿ ತೆಗೆದೇ ಪೆನ್ ಒಳಗಿಡಿ. ಪೆನ್ನಿನಿಂದ ಸಿರಿಂಜಿಗೆ ಎಳೆದು ಹಾಕಬೇಡಿ, ಅಳತೆ ತಪ್ಪುತ್ತದೆ. ಮನೆಯಲ್ಲಿ ಶುಗರಿನವರ ಇನ್ಸುಲಿನ್ ಪೆನ್ ಕೂಡ ಅದೇ ಫ್ರಿಜ್‌ನಲ್ಲಿದ್ದರೆ ಒಂದಕ್ಕೆ ಕೆಂಪು ದಾರ ಕಟ್ಟಿ. ಅದಲುಬದಲಾದರೆ ಎಲುಬಿನ ಮಾತು ಹಾಗಿರಲಿ, ಶುಗರ್ ಇಳಿದು ಜೀವಕ್ಕೇ ಬರುತ್ತದೆ. ಬಳಸಿದ ಸೂಜಿ ತಿಪ್ಪೆಗೆ ಬೇಡ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿಟ್ಟು ಆಸ್ಪತ್ರೆಗೆ ಕೊಡಿ.

ಮೊದಲ ಕೆಲವು ದಿನ ಚುಚ್ಚಿದ ಮೇಲೆ ತಲೆ ತಿರುಗಬಹುದು. ಕೂತೇ ತೆಗೆದುಕೊಳ್ಳಿ, ತಕ್ಷಣ ಎದ್ದು ಓಡಾಡಬೇಡಿ. ಬಿದ್ದು ಎಲುಬು ಮುರಿಯಬಾರದು ಎಂದು ತೆಗೆದುಕೊಳ್ಳುವ ಮದ್ದು ಇದು, ಅಲ್ವಾ? ಒಂದು ದಿನ ಮರೆತರೆ ಅದೇ ದಿನ ನೆನಪಾದಾಗ ತೆಗೆದುಕೊಳ್ಳಿ. ಒಂದೇ ದಿನ ಎರಡು ಡೋಸ್ ಬೇಡ. ಎಲುಬಿಗೆ ಕ್ಯಾನ್ಸರ್ ಹರಡಿದವರಿಗೆ, ಎಲುಬಿಗೆ ಕರೆಂಟ್ ಕೊಡಿಸಿದವರಿಗೆ, ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ ಇರುವವರಿಗೆ ಇದನ್ನು ಕೊಡುವುದಿಲ್ಲ. ಕಿಡ್ನಿಯಲ್ಲಿ ಹರಳಾಗಿದ್ದರೆ ಮೊದಲೇ ಹೇಳಿ.

ಒಂದೆರಡು ದಿನ ತಪ್ಪಿದರೆ ದೊಡ್ಡ ಅನಾಹುತವಿಲ್ಲ. ಆದರೆ ಎರಡು ವರ್ಷ ಮುಗಿಸಿ ಸುಮ್ನೆ ಕೂತರೆ ಕಟ್ಟಿದ್ದೆಲ್ಲ ಮೆಲ್ಲಗೆ ಕರಗುತ್ತದೆ. ಗೌಂಡಿ ಗೋಡೆ ಕಟ್ಟಿ ಹೋದ ಮೇಲೆ ಗಿಲಾವು ಆಗಲೇಬೇಕು. ಆ ಗಿಲಾವು ಅಂದರೆ ಗುಳಿಗೆ, ಅಥವಾ ಮುಂದೆ ಹೇಳುವ ಎರಡರಲ್ಲಿ ಒಂದು. ಆದ್ದರಿಂದ ಪೆನ್ನಿಗೆ ದುಡ್ಡು ಹೊಂದಿಸುವಾಗ ಅದರಾಚೆಯ ಮದ್ದಿನ ದುಡ್ಡನ್ನೂ ಸೇರಿಸಿ ಲೆಕ್ಕ ಹಾಕಿ.

ವರ್ಷದ ಬಾಟಲಿ: ಜೊಲೆಡ್ರಾನಿಕ್ ಆಸಿಡ್

ವರ್ಷಕ್ಕೊಮ್ಮೆ 5 ಮಿಲಿಗ್ರಾಂ, ಸಲೈನ್ ಹಚ್ಚಿದಂತೆ ನರಕ್ಕೆ. ಮನೆಯಲ್ಲಿ ಫ್ರಿಜ್ ಬೇಡ, ಸೂಜಿ ಕಲಿಯುವುದು ಬೇಡ, ನೆನಪಿಡುವುದೂ ಬೇಡ ಎನ್ನುವಷ್ಟು ಕಡಿಮೆ. ಸಾಮಾನ್ಯವಾಗಿ ಮೂರರಲ್ಲಿ ಅಗ್ಗದ್ದೂ ಇದೇ. 2007 ರ ಅಧ್ಯಯನದಲ್ಲಿ ಮೂರು ವರ್ಷ ಕೊಟ್ಟಾಗ ಬೆನ್ನು ಮುರಿಯುವುದು ನೂರಕ್ಕೆ 70 ಪಾಲು, ಸೊಂಟದ ಎಲುಬು ಮುರಿಯುವುದು 41 ಪಾಲು ಕಡಿಮೆಯಾಯಿತು. ಹಳ್ಳಿಯ ಮನೆಗೆ ಇದು ಬಹಳ ಹೊಂದುವ ಮದ್ದು ಎಂಬುದು ನನ್ನ ಅಭಿಪ್ರಾಯ.

ಆದರೆ ಕಿಡ್ನಿ ಗಟ್ಟಿ ಇರಬೇಕು. ಕ್ರಿಯಾಟಿನಿನ್ ಪರೀಕ್ಷೆ ಮಾಡಿಸದೆ ಹಚ್ಚಿಸಿಕೊಳ್ಳಬಾರದು. ಆ ಸಂಖ್ಯೆ, ವಯಸ್ಸು, ತೂಕ ಸೇರಿಸಿ ಡಾಕ್ಟರು ಕಿಡ್ನಿಯ ಶಕ್ತಿ ಲೆಕ್ಕ ಹಾಕುತ್ತಾರೆ. ಅದು 35 ಕ್ಕಿಂತ ಕಡಿಮೆ ಬಂದರೆ ಈ ಬಾಟಲಿ ನಿಮ್ಮದಲ್ಲ. ಮೈಯಲ್ಲಿ ನೀರು ಕಡಿಮೆಯಿದ್ದರೂ ಕಿಡ್ನಿಗೆ ಪೆಟ್ಟು. ಏಪ್ರಿಲ್ ಬಿಸಿಲಿನಲ್ಲಿ ಜೇವರ್ಗಿಯಿಂದ ಬಸ್ಸಿನಲ್ಲಿ ಬಾಯಿ ಒಣಗಿಸಿಕೊಂಡು ಬಂದು, ಉಪವಾಸ ಇರಬೇಕೇನೋ ಎಂದು ನೀರನ್ನೂ ಕುಡಿಯದೆ ಮಂಚ ಏರುವವರನ್ನು ನೋಡಿದ್ದೇನೆ. ಉಪವಾಸ ಬೇಕಿಲ್ಲ. ಉಂಡು, ಎರಡು ಲೋಟ ನೀರು ಕುಡಿದೇ ಹೋಗಿ. ಆಗುವುದಾದರೆ ಉರಿಬೇಸಿಗೆ ತಪ್ಪಿಸಿ ತಾರೀಖು ಕೇಳಿ.

ಕನಿಷ್ಠ 15 ನಿಮಿಷ ಹಿಡಿಯಬೇಕು, ಅದಕ್ಕಿಂತ ಬೇಗ ಓಡಿಸಿದರೆ ಕಿಡ್ನಿಗೆ ತೊಂದರೆ. ಇದನ್ನು ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್) ಎಂಬ ಸಲೈನ್ ಬಾಟಲಿಯ ಜೊತೆ ಬೆರೆಸಬಾರದು, ಅದರಲ್ಲಿ ಕ್ಯಾಲ್ಸಿಯಂ ಇರುತ್ತದೆ. ಇದೆಲ್ಲ ಗೊತ್ತಿರುವ ಆಸ್ಪತ್ರೆಯಲ್ಲಿ ಹಚ್ಚಿಸಿ. ಊರಲ್ಲಿ ಮನೆಗೆ ಬಂದು ಸಲೈನ್ ಹಚ್ಚುವವರಿಂದ ಬೇಡ. ಪೆಟ್ಟಿಗೆಯನ್ನೂ ಓದಿ. ಇದೇ ಮದ್ದು 4 ಮಿಲಿಗ್ರಾಂ ಅಳತೆಯಲ್ಲೂ ಸಿಗುತ್ತದೆ, ಅದು ಕ್ಯಾನ್ಸರ್ ರೋಗಿಗಳಿಗಾಗಿ ಇರುವುದು. ಚೀಟಿಯಲ್ಲಿ ಬರೆದದ್ದೂ ಪೆಟ್ಟಿಗೆಯಲ್ಲಿ ಇರುವುದೂ ಒಂದೇ ಎಂದು ಖಾತ್ರಿ ಮಾಡಿಕೊಳ್ಳಿ.

ಹಚ್ಚಿಸಿಕೊಂಡ ಮೂರು ದಿನದೊಳಗೆ ಜ್ವರ, ಮೈಕೈ ನೋವು ಬರಬಹುದು. ಮೊದಲ ಸಲ ಮೂರರಲ್ಲಿ ಒಬ್ಬರಿಗೆ ಹೀಗೆ ಏನಾದರೂ ಆಗುತ್ತದೆ, ಮುಂದಿನ ವರ್ಷಗಳಲ್ಲಿ ಬಹಳ ಕಡಿಮೆ. ಪ್ಯಾರಾಸಿಟಮಾಲ್ ಸಾಕು. ಮನೆಯವರು ಇದನ್ನು ಮೊದಲೇ ತಿಳಿದಿರಬೇಕು, ಇಲ್ಲದಿದ್ದರೆ "ಬಾಟ್ಲಿ ಒಗ್ಗಲಿಲ್ಲ" ಎಂದು ಮುಂದಿನ ವರ್ಷ ಯಾರೂ ಕರೆತರುವುದಿಲ್ಲ.

ತಡವಾದರೆ? ಈ ಮದ್ದು ಎಲುಬಿನಲ್ಲೇ ವರ್ಷಗಟ್ಟಲೆ ಕೂತಿರುತ್ತದೆ. ಸುಗ್ಗಿ ಮುಗಿಯಲಿ ಎಂದು ಒಂದು ತಿಂಗಳು ಆಚೆ ಹೋದರೆ ಆಕಾಶ ಬೀಳುವುದಿಲ್ಲ. ಮೂರು ವರ್ಷದ ನಂತರ ಕೆಲವರಿಗೆ ಡಾಕ್ಟರೇ ವಿರಾಮ ಕೊಡುತ್ತಾರೆ.

ಆರು ತಿಂಗಳದ್ದು: ಡೆನೊಸುಮ್ಯಾಬ್

60 ಮಿಲಿಗ್ರಾಂ, ಚರ್ಮದಡಿ ಒಂದು ಸಣ್ಣ ಚುಚ್ಚು, ವರ್ಷಕ್ಕೆ ಎರಡೇ ಸಲ. ಜ್ವರದ ಕಾಟವಿಲ್ಲ. ಕಿಡ್ನಿ ಸ್ವಲ್ಪ ಸೋತವರಿಗೂ ನಡೆಯುತ್ತದೆ, ಅದೇ ಇದರ ದೊಡ್ಡ ಗುಣ. ಕೆಲಸದಲ್ಲೂ ಬಾಟಲಿಗೆ ಕಡಿಮೆಯಿಲ್ಲ. 2009 ರ ಅಧ್ಯಯನದಲ್ಲಿ ಬೆನ್ನಿಗೆ 68, ಸೊಂಟಕ್ಕೆ 40 ಪಾಲು ಇಳಿಕೆ. ಕೇಳಿದವರಿಗೆಲ್ಲ ಮೊದಲು ಹಿಡಿಸುವುದು ಇದೇ.

ನಾನು ಎರಡು ಸಲ ಯೋಚಿಸಿ ಎನ್ನುವುದೂ ಇದಕ್ಕೇ. ಡೆನೊಸುಮ್ಯಾಬ್ ಎಲುಬಿನಲ್ಲಿ ಕೂರುವುದಿಲ್ಲ. ಆರು ತಿಂಗಳಾದ ಮೇಲೆ ಅದರ ಹಿಡಿತ ಸಡಿಲವಾಗುತ್ತದೆ. ಆಗ ಅಷ್ಟು ದಿನ ತಡೆದು ನಿಲ್ಲಿಸಿದ್ದೆಲ್ಲ, ನಾರಾಯಣಪುರ ಡ್ಯಾಮಿನ ಗೇಟು ಎತ್ತಿದಂತೆ, ಒಮ್ಮೆಲೇ ನುಗ್ಗುತ್ತದೆ. ಎಲುಬು ವೇಗವಾಗಿ ಕರಗುತ್ತದೆ. ಕೆಲವರಿಗೆ ಬೆನ್ನಿನ ಎರಡು ಮೂರು ಮಣಿ ಒಟ್ಟಿಗೆ ಕುಸಿದದ್ದುಂಟು. ಹಿಂದಿನ ಡೋಸಿನಿಂದ ಏಳು ತಿಂಗಳು ಮೀರಲೇಬಾರದು. "ಅವ್ವಗ ಈಗ ಆರಾಮ ಆಗ್ಯದ, ಸಾಕು ಬಿಡ್ರಿ" ಎಂದು ಬಿಡುವಂಥ ಮದ್ದೇ ಅಲ್ಲ ಇದು. ಬಿಡುವುದಾದರೆ ಅದರ ಜಾಗಕ್ಕೆ ಬೇರೆ ಮದ್ದು, ಹೆಚ್ಚಾಗಿ ಜೊಲೆಡ್ರಾನಿಕ್ ಬಾಟಲಿ, ಹೊತ್ತಿಗೆ ಸರಿಯಾಗಿ ಬರಬೇಕು. ಇದನ್ನು ಬಿಟ್ಟು ನೇರ ಪೆನ್ನಿಗೆ ಹೋಗುವುದೂ ಒಳ್ಳೆಯದಲ್ಲ, ಆಗಲೂ ಎಲುಬು ಕರಗುತ್ತದೆ. ಪೆನ್ ಬೇಕಿದ್ದರೆ ಅದೇ ಮೊದಲು, ಇದು ಆಮೇಲೆ.

ಆರು ತಿಂಗಳು ಪುಣೆ, ಮುಂಬೈಗೆ ದುಡಿಯಲು ಹೋಗುವ ಮನೆಗಳು ಇಲ್ಲಿ ತುಸು ನಿಲ್ಲಬೇಕು. ಅವ್ವನನ್ನು ಕರೆದುಕೊಂಡು ಹೋಗಲು ಆ ವಾರ ಊರಲ್ಲಿ ಯಾರಿರುತ್ತಾರೆ? ಎರಡು ಹೆಸರು ಬಾಯಿಗೆ ಬಂದರೆ ತೆಗೆದುಕೊಳ್ಳಿ. ಒಂದೂ ಬರದಿದ್ದರೆ ಬಾಟಲಿ ವಾಸಿ. ತಾರೀಖನ್ನು ಹಬ್ಬದ ಲೆಕ್ಕದಲ್ಲಿ ಇಟ್ಟುಕೊಳ್ಳಬೇಡಿ. ಎಳ್ಳಮಾವಾಸ್ಯೆಯಿಂದ ಕಾರಹುಣ್ಣಿಮೆಗೆ ಸುಮಾರು ಆರು ತಿಂಗಳು ಬರುತ್ತದೆ, ನಿಜ. ಕಾರಹುಣ್ಣಿಮೆಯಿಂದ ಮುಂದಿನ ಎಳ್ಳಮಾವಾಸ್ಯೆಗೆ ಅದಕ್ಕಿಂತ ಜಾಸ್ತಿ ಆಗುತ್ತದೆ, ಅಧಿಕ ಮಾಸ ಬಂದರೆ ಕೇಳುವುದೇ ಬೇಡ. ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖಿಗೇ ಗುಂಡಗೆ ಸುತ್ತಿ.

ಇದೂ ಫ್ರಿಜ್‌ನ ಮದ್ದೇ. ಹೊರಗೆ 25 ಡಿಗ್ರಿ ಒಳಗಾದರೆ 14 ದಿನ ಇರಬಹುದು ಎಂದು ಮೂಲ ಕಂಪನಿಯ ಪೆಟ್ಟಿಗೆಯಲ್ಲಿ ಬರೆದಿರುತ್ತದೆ. ಚಳಿಗಾಲ ಬಿಟ್ಟರೆ 25 ಡಿಗ್ರಿಯ ಕೋಣೆ ನಮ್ಮಲ್ಲಿ ಎಲ್ಲಿದೆ? ಮೊದಲೇ ಕೊಂಡು ಮನೆಯಲ್ಲಿ ಇಡುವ ಬದಲು ಅದೇ ದಿನ ಅಂಗಡಿಯಿಂದ ಐಸ್ ಪ್ಯಾಕಿನಲ್ಲಿ ನೇರ ದವಾಖಾನೆಗೆ ಒಯ್ಯಿರಿ. ಇದರಲ್ಲೂ 120 ಮಿಲಿಗ್ರಾಂನ ಕ್ಯಾನ್ಸರ್ ಡೋಸ್ ಬೇರೆ ಇದೆ, ನೋಡಿಕೊಳ್ಳಿ.

ಇನ್ನೊಂದು ಎಚ್ಚರಿಕೆ ಕ್ಯಾಲ್ಸಿಯಂ ಕುರಿತು. ಬಾಟಲಿಗೂ ಇದಕ್ಕೂ ಮೊದಲೇ ರಕ್ತದ ಕ್ಯಾಲ್ಸಿಯಂ, ವಿಟಮಿನ್ ಡಿ ಸರಿ ಮಾಡಿಕೊಂಡಿರಬೇಕು. ಇಲ್ಲದಿದ್ದರೆ ಚುಚ್ಚಿದ ಒಂದೆರಡು ವಾರದಲ್ಲಿ ಬಾಯಿಯ ಸುತ್ತ, ಬೆರಳ ತುದಿಗೆ ಜೋಮು, ಕೈಕಾಲು ಸೆಳೆತ ಬರಬಹುದು. ಹಾಗಾದರೆ ಅಂದೇ ಆಸ್ಪತ್ರೆಗೆ ಹೋಗಿ. ಕಿಡ್ನಿ ತೀರಾ ಕೆಟ್ಟವರಿಗೆ, ಅದರಲ್ಲೂ ಡಯಾಲಿಸಿಸ್ ಮಾಡಿಸುವವರಿಗೆ, ಡೆನೊಸುಮ್ಯಾಬ್‌ನಿಂದ ಹೀಗೆ ಕ್ಯಾಲ್ಸಿಯಂ ಇಳಿಯುವುದು ಪ್ರಾಣಕ್ಕೇ ಅಪಾಯ ಎಂದು 2024 ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಕಟ್ಟುನಿಟ್ಟಿನ ಎಚ್ಚರಿಕೆ ಸೇರಿಸಿದ್ದಾರೆ. ಹಾಲು, ಮೊಸರು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಎಲ್ಲ ಒಳ್ಳೆಯದೇ. ಆದರೂ ಡಾಕ್ಟರು ಬರೆದ ಕ್ಯಾಲ್ಸಿಯಂ ಗುಳಿಗೆ ಬಿಡಬೇಡಿ. ಜನೌಷಧಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ.

ಹಲ್ಲಿನ ಮಾತು ಬಾಟಲಿಗೂ ಡೆನೊಸುಮ್ಯಾಬ್‌ಗೂ ಒಂದೇ. ಅಪರೂಪಕ್ಕೆ ಹಲ್ಲು ಕಿತ್ತ ಜಾಗ ಮಾಯದೆ ದವಡೆ ಎಲುಬು ಕೊಳೆಯುತ್ತದೆ. ಕೀಳಿಸುವ ಹಲ್ಲಿದ್ದರೆ ಮೊದಲೇ ಕೀಳಿಸಿ, ಮಾಯ್ದ ಮೇಲೆ ಇಂಜೆಕ್ಷನ್. ತಂಬಾಕು ಹಾಕುವ ಬಾಯಿಯಾದರಂತೂ ಹಲ್ಲಿನ ಡಾಕ್ಟರಿಗೆ ತೋರಿಸದೆ ಹೋಗಬೇಡಿ. ಹಾಗೆಯೇ ಎರಡರಲ್ಲಿ ಯಾವುದೇ ಇರಲಿ, ತೊಡೆಯಲ್ಲಿ, ತೊಡೆಸಂದಿಯಲ್ಲಿ ಕಾರಣವಿಲ್ಲದೆ ನೋವು ಶುರುವಾದರೆ ವಾತ ಎಂದು ಎಣ್ಣೆ ತಿಕ್ಕುತ್ತಾ ಕೂರದೆ ಎಕ್ಸ್‌ರೇ ಮಾಡಿಸಿ.

ರೊಮೊಸೊಜುಮ್ಯಾಬ್ ಎಂಬ ನಾಲ್ಕನೆಯದನ್ನೂ ಕೆಲವರು ಹೈದರಾಬಾದಿನಿಂದ ಕೇಳಿಕೊಂಡು ಬರುತ್ತಾರೆ. ತಿಂಗಳಿಗೊಮ್ಮೆ, ಒಂದೇ ವರ್ಷ. ಕಟ್ಟುತ್ತದೆ, ಕೆಡವುವುದನ್ನೂ ತಡೆಯುತ್ತದೆ. ಕಳೆದ ಒಂದು ವರ್ಷದಲ್ಲಿ ಹಾರ್ಟ್ ಅಟ್ಯಾಕ್ ಅಥವಾ ಲಕ್ವಾ ಆದವರಿಗೆ ಕೊಡುವಂತಿಲ್ಲ. ದುಬಾರಿ. ಇಷ್ಟು ಸಾಕು.

ಹಾಗಾದರೆ ಯಾರಿಗೆ ಯಾವುದು

ಬೀದರ್ ಕಡೆಯ ಎಪ್ಪತ್ತು ವರ್ಷದ ಅಜ್ಜಿ, ಬೆನ್ನಿನ ಎರಡು ಮಣಿ ಕುಸಿದಿವೆ, ಮನೆಯಲ್ಲಿ ಫ್ರಿಜ್ ಇದೆ, ಓದು ಬಲ್ಲ ಮೊಮ್ಮಗಳಿದ್ದಾಳೆ, ಮಕ್ಕಳು ಖರ್ಚು ತಡೆಯುತ್ತಾರೆ ಎಂದಿಟ್ಟುಕೊಳ್ಳಿ. ಪೆನ್ ಬಗ್ಗೆ ಕೇಳಿ, ಆಮೇಲಿನ ಮದ್ದಿನ ಬಗ್ಗೆಯೂ ಅದೇ ದಿನ ಕೇಳಿ. ಕಿಡ್ನಿ ಸರಿಯಿದೆ, ಊರು ಚಿಂಚೋಳಿಯಾಚೆ, ಕರೆಂಟ್ ನಂಬುವಂತಿಲ್ಲ, ಕೈಯಲ್ಲಿ ದುಡ್ಡು ಕಡಿಮೆ ಎಂದರೆ ನಾನು ಎರಡನೆಯ ಮಾತಿಲ್ಲದೆ ಬಾಟಲಿ ಕಡೆ ಬೆರಳು ತೋರಿಸುತ್ತೇನೆ. ಹಳೆಯ ಶುಗರ್, ಕಿಡ್ನಿ ಸ್ವಲ್ಪ ಸೋತಿದೆ, ಆದರೆ ಮಗ ಇದೇ ಊರಲ್ಲಿ ನೌಕರಿಯಲ್ಲಿದ್ದಾನೆ, ತಾರೀಖು ತಪ್ಪಿಸುವವನಲ್ಲ ಎಂದರೆ ಡೆನೊಸುಮ್ಯಾಬ್. ಸ್ಕೋರ್ ಮೈನಸ್ 2.6, ಎಲ್ಲೂ ಮುರಿದಿಲ್ಲ, ಹೊಟ್ಟೆ ಗಟ್ಟಿಯಿದೆ ಎನ್ನುವವರು ಗುಳಿಗೆಯಿಂದ ಯಾಕೆ ಶುರು ಮಾಡಬಾರದು ಎಂದು ಡಾಕ್ಟರನ್ನು ಧೈರ್ಯವಾಗಿ ಕೇಳಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಯ ಎಲುಬಿನ ವಿಭಾಗದಲ್ಲಿ ತೋರಿಸಿ, ಯಾವುದು ಅಲ್ಲೇ ಸಿಗುತ್ತದೆ, ಯಾವುದನ್ನು ಹೊರಗೆ ಕೊಳ್ಳಬೇಕು ಎಂದು ಕೇಳಿದ ಮೇಲೆಯೇ ಖಾಸಗಿ ಲೆಕ್ಕ ಹಾಕಿ. ಇಎಸ್‌ಐ ಕಾರ್ಡ್ ಇದ್ದವರು ಮೊದಲು ಇಎಸ್‌ಐ ಆಸ್ಪತ್ರೆಯಲ್ಲಿ ವಿಚಾರಿಸಿ.

ನಮ್ಮ ಅವ್ವ ಒಂದು ಪೆನ್ ಕಳೆದುಕೊಂಡರೂ ಎರಡು ವರ್ಷ ಮುಗಿಸಿದಳು. ಆಮೇಲೆ ಡಾಕ್ಟರು ಆರು ತಿಂಗಳದ್ದೋ ವರ್ಷದ್ದೋ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು, "ವರ್ಷದ್ದೇ ಇರಲ್ರಿ, ಶರಣಬಸಪ್ಪನ ಜಾತ್ರಿಗಂತೂ ನಾ ಕಲಬುರಗಿಗಿ ಬಂದೇ ಬರ್ತೀನಿ" ಎಂದಳು. ಈಗ ತೇರು ಎಳೆದಾದ ಮೇಲೆ ವರ್ಷ ತುಂಬಿದೆಯೇ ಎಂದು ಹಳೆಯ ಚೀಟಿ ನೋಡುತ್ತೇವೆ, ಕ್ರಿಯಾಟಿನಿನ್ ಮಾಡಿಸುತ್ತೇವೆ, ತುಂಬಿದ ವಾರವೇ ಹಚ್ಚಿಸುತ್ತೇವೆ. ಜಾತ್ರೆ ಒಂದೆರಡು ವಾರ ಆಚೀಚೆ ಆದರೂ ಈ ಮದ್ದು ತಡೆದುಕೊಳ್ಳುತ್ತದೆ.